ಮೂರನೇ ಸಲದ ಸುಕ್ಕು

ಇಸ್ತ್ರಿ ಗಾಡಿಯಿಂದ ಈಗಷ್ಟೇ ಬಿಡಿಸಿಕೊಂಡು ಬಂದ ಕೋಟನ್ನು ಕೈಯಾರೆ ಮುದ್ದೆ ಮಾಡುವ ಗಂಡಸಿಗೆ ಏನನ್ನಬೇಕು ಹೇಳಿ! ಆ ಶನಿವಾರ ಮಧ್ಯಾಹ್ನ ಚಾಮರಾಜಪೇಟೆಯ ಬಸ್ ಸ್ಟಾಪಿನಲ್ಲಿ ನಿಂತು ಕಶ್ಯಪ್ ಮಾಡುತ್ತಿದ್ದದ್ದು ಅದೇ ಕೆಲಸ. ತೋಳನ್ನು ಮುಷ್ಟಿಯಲ್ಲಿ ಹಿಡಿದು ಒದ್ದೆ ಬಟ್ಟೆಯ ಹಾಗೆ ಹಿಂಡಿದ. ಬೆನ್ನಿನ ಭಾಗವನ್ನು ಉಂಡೆ ಕಟ್ಟಿ, ಇಪ್ಪತ್ತರವರೆಗೆ ಎಣಿಸಿ ಬಿಟ್ಟ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ ಎರಡು ಹೆಜ್ಜೆ ಆಚೆ ಸರಿದಳು.

ಹುಚ್ಚೇನಲ್ಲ. ಹುಚ್ಚಾಗಿದ್ದರೆ ಮಾತ್ರೆ ಕೊಡಿಸಬಹುದಿತ್ತು.

ತ್ಯಾಗರಾಜನಗರದ ಈ ಕಶ್ಯಪ್ ವಾರವೆಲ್ಲ ಬ್ಯಾಂಕಿನಲ್ಲಿ ಗುಮಾಸ್ತ. ಶನಿವಾರ, ಭಾನುವಾರ ಮಾತ್ರ ಆರ್ಕೆಸ್ಟ್ರಾ ಗಾಯಕ. ತುಮಕೂರು, ಮಂಡ್ಯ, ಹಾಸನ, ಎಲ್ಲಿ ರಿಸೆಪ್ಷನ್ ಇದ್ದರೂ ಕೆಂಪು ಬಸ್ಸು ಹತ್ತಿ ಹೋಗಿ, ಕೋಟು ತೊಟ್ಟು ಸ್ಟೇಜ್ ಏರುವವನು. ಕೋಟು ಮುದುರಿದ್ದರೆ ಹುಡುಗಿ ಕಡೆಯವರು ಮೂತಿ ತಿರುವುತ್ತಾರೆಂದು, ಶ್ರಾವಣ ಮಾಸದಲ್ಲಿ ಶ್ರೀನಿವಾಸಯ್ಯನವರ ಬ್ಯಾಗಿನ ಅಂಗಡಿಗೆ ಹೋಗಿ ಸೂಟ್‌ಕೇಸ್ ಕೇಳಿದ್ದ. ಹೊಲಿಗೆ ಮೆಷಿನ್ನಿನ ಹಿಂದೆ ಕೂತಿದ್ದ ಹೇಮಶ್ರೀ ತಲೆ ಎತ್ತಿ ನೋಡಿದ್ದಳು.

"ಏನಿಡ್ತೀರ ಸಾರ್ ಅದ್ರಲ್ಲಿ?"

"ಕೋಟು."

"ಹಾಗಾದ್ರೆ ಸೂಟ್‌ಕೇಸ್ ಬೇಡ. ಬಸ್ಸು ಕುಲುಕಿದ ಹಾಗೆ ಕೋಟು ಜಾರಿ ಒಂದು ಮೂಲೇಲಿ ಮುದುರಿ ಕೂತ್ಕೊಳತ್ತೆ. ಮಡಿಸಿದ್ರೆ ಏನೂ ಆಗಲ್ಲ ಸಾರ್, ಜಾರಿದ್ರೇನೇ ಸುಕ್ಕು."

ಅಂದವಳೇ ತಾನೇ ಕತ್ತರಿಸಿ ಹೊಲಿದ ಒಂದು ಬ್ಯಾಗನ್ನು ಬಿಚ್ಚಿ ಹರಡಿದ್ದಳು. ಕೋಟಿನಷ್ಟೇ ಉದ್ದ, ಒಳಗೆ ನುಣುಪಾದ ಸ್ಯಾಟಿನ್ ಅಸ್ತರು, ಕೋಟು ಅಲ್ಲಾಡದಂತೆ ಎರಡು ಪಟ್ಟಿ. ನಡುವೆ, ಬ್ಯಾಗು ಮಡಿಸುವ ಜಾಗದಲ್ಲಿ ಮುಂಗೈ ದಪ್ಪದ ಹತ್ತಿಯ ಸುರುಳಿ. ಕೋಟು ಚೂಪಾಗಿ ಮುರಿಯದೆ ಆ ಸುರುಳಿಯ ಮೇಲೆ ಮೆತ್ತಗೆ ಬಾಗುತ್ತಿತ್ತು. ಅಂಥ ಬ್ಯಾಗು ಬೆಂಗಳೂರಿನಲ್ಲಿ ಅದೊಂದೇ ಇತ್ತು.

ಮೊದಲ ಸಲ ಕೋಟು ಸುಕ್ಕಾದದ್ದು ನಿಜವೇ. ಈ ಮಹಾರಾಯ ತೋಳುಗಳನ್ನು ಹೇಗೆಂದರೆ ಹಾಗೆ ತುರುಕಿದ್ದ. ದೂರು ಹೇಳಲು ಹೋದಾಗ ಹೇಮಶ್ರೀ ನಕ್ಕು, ಮಡಿಸುವುದನ್ನು ಹೇಳಿಕೊಟ್ಟಳು. "ಒಂದು ಭುಜ ಒಳಗಿಂದ ಹೊರಗೆ ತಿರುಗಿಸಿ. ಇನ್ನೊಂದು ಭುಜಾನ ಅದರೊಳಗೆ ಕೂರಿಸಿ. ಹಾಗಲ್ಲ... ಇಲ್ಲಿ, ಕೈ ಕೊಡಿ." ಕೋಟಿನ ಭುಜದೊಳಗೆ ಅವಳ ಬೆರಳು ಅವನ ಬೆರಳಿಗೆ ತಗುಲಿತು. ಅವಳು ಕೈಯನ್ನು ತಕ್ಷಣ ತೆಗೆಯಲಿಲ್ಲ. ಕಣ್ಣೆತ್ತಿ ಒಮ್ಮೆ ಅವನನ್ನು ನೋಡಿ, ಏನೋ ಮರೆತವಳಂತೆ ಕತ್ತರಿ ಹುಡುಕತೊಡಗಿದಳು. ಕತ್ತರಿ ಅವಳ ಕಣ್ಣೆದುರಿಗೇ ಇತ್ತು.

ಕಶ್ಯಪ್‌ನ ಕತೆ ಅಲ್ಲಿಗೆ ಮುಗಿಯಿತು. ಆಮೇಲೆ ಕೋಟಿನಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹದಿನೈದು ದಿನ ಒದ್ದಾಡಿ, ಕೊನೆಗೆ ತಾನೇ ಹಿಂಡಿಕೊಂಡು ಹೋದ. ಹೇಮಶ್ರೀ ಬ್ಯಾಗನ್ನು ಇಟ್ಟುಕೊಂಡು, "ಗುರುವಾರ ಬನ್ನಿ ಸಾರ್, ಸರಿ ಮಾಡಿಡ್ತೀನಿ" ಅಂದಳು. ಆ ಗುರುವಾರ ಅರ್ಧ ಗಂಟೆ ಮಾತು. ಇದು ಮೂರನೇ ಸಲ. ಇವತ್ತು ಹೇಗಾದರೂ ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕು ಅಂದುಕೊಂಡು, ಮುದುರಿದ ಕೋಟನ್ನು ಬ್ಯಾಗಿಗೆ ಸೇರಿಸಿ ಜಿಪ್ ಎಳೆದ.

ಅಂಗಡಿಯ ಮೆಟ್ಟಿಲು ಹತ್ತಿದನೋ ಇಲ್ಲವೋ, ಶ್ರೀನಿವಾಸಯ್ಯ ಎರಡೂ ಕೈ ಚಾಚಿ ಎದ್ದು ಬಂದರು.

"ಬನ್ನಿ ಬನ್ನಿ ಸಾರ್! ದೇವರೇ ಕಳಿಸಿದ ಹಾಗೆ ಬಂದ್ರಿ!" ಒಳಗೆ ಕುರ್ಚಿ ತುಂಬ ಕೂತಿದ್ದ ದಪ್ಪ ಯಜಮಾನರೊಬ್ಬರ ಕಡೆ ತಿರುಗಿದರು. "ನಂಜುಂಡಯ್ಯನೋರೇ, ನಮ್ಮ ಹೇಮಾ ಮಾಡಿದ ಬ್ಯಾಗ್ ಮೊದಲು ತಗೊಂಡೋರು ಇವರೇ ನೋಡಿ. ನಾನು ಹೇಳಿದ್ರೆ ವ್ಯಾಪಾರದ ಮಾತು ಅಂತೀರ. ಇವರ ಬಾಯಲ್ಲೇ ಕೇಳಿ."

ನಂಜುಂಡಯ್ಯ ಚಿಕ್ಕಪೇಟೆಯ ಹೋಲ್‌ಸೇಲ್ ವ್ಯಾಪಾರಿ. ಕಾರ್ತೀಕದ ಮದುವೆಗಳಿಗೆಂದು ಮುನ್ನೂರು ಬ್ಯಾಗ್ ಕೇಳಲು ಬಂದಿದ್ದರು. ಆರ್ಡರ್ ಸಿಕ್ಕರೆ ಹೇಮಶ್ರೀಯ ಕೈಕೆಳಗೆ ನಾಲ್ಕು ಮೆಷಿನ್, ಅವಳ ನಮೂನೆಗೆ ಅವಳದೇ ಹೆಸರು. ಇಲ್ಲದಿದ್ದರೆ ಹಳೆಯ ಸ್ಕೂಲ್ ಬ್ಯಾಗೇ ಗತಿ. ಇಷ್ಟನ್ನೂ ಶ್ರೀನಿವಾಸಯ್ಯ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಕಶ್ಯಪ್ ಒಂದು ಹೆಜ್ಜೆ ಹಿಂದಕ್ಕೆ ಸರಿದ.

ಹೇಮಶ್ರೀ ಮೆಷಿನ್ ಬಿಟ್ಟು ಎದ್ದು ನಿಂತಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಅವನ ಕೈಯಲ್ಲಿದ್ದ ಬ್ಯಾಗಿನ ಮೇಲಿತ್ತು.

"ಅದ್ರಲ್ಲೇ ಕೋಟಿದ್ಯಾ?" ನಂಜುಂಡಯ್ಯ ಕೈ ಚಾಚಿದರು. "ಕೊಡಿ ಇಲ್ಲಿ."

"ಅದು... ಇವತ್ತು ಬೇಡ ಸಾರ್, ಇವತ್ತು..."

"ಅರೆ, ಕೊಡಿ ಸಾರ್, ನೋಡ್ಲಿ!" ಶ್ರೀನಿವಾಸಯ್ಯ ಬ್ಯಾಗನ್ನು ಕಿತ್ತುಕೊಂಡೇಬಿಟ್ಟರು.

ಜಿಪ್ ಸರ್ರೆಂದಿತು. ನಂಜುಂಡಯ್ಯ ಕೋಟನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

"ಏನ್ ಸಾರ್ ಇದು, ನಾಯಿ ಮಲಗೆದ್ದ ಹಾಗಿದೆ!"

ಶ್ರೀನಿವಾಸಯ್ಯನವರ ಮುಖ ಕಪ್ಪಿಟ್ಟಿತು. "ಹೇಮಾ, ಏನೇ ಇದು? ಹೋದ ತಿಂಗಳು ತಾನೇ ರಿಪೇರಿ ಮಾಡಿದ್ದು? ಅದಕ್ಕೆ ಮುಂಚೆನೂ ಒಂದ್ಸಲ ಬಂದಿತ್ತಲ್ಲ!"

"ಓಹೋ, ಹಾಗಾದ್ರೆ ಇದು ಮೂರನೇ ಸಲ," ಅಂದರು ನಂಜುಂಡಯ್ಯ. ಕೋಟನ್ನು ಮೇಜಿನ ಮೇಲೆ ಹಾಕಿದರು.

ಹೇಮಶ್ರೀ ಮುಂದೆ ಬಂದು ಕೋಟಿನ ತೋಳು ಮುಟ್ಟಿದಳು. ಸುಕ್ಕಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕಶ್ಯಪ್‌ನನ್ನು ನೋಡಿದಳು. ಹೇಳು, ಈಗಲಾದರೂ ಹೇಳು ಎನ್ನುವಂಥ ನೋಟ. ಹೇಳಬೇಕಿತ್ತು. ಸಾವಿರ ಜನರ ಮುಂದೆ ತಾರಕಕ್ಕೆ ಏರುವ ಮಹಾರಾಯ ಮೇಜಿನ ಮೇಲಿದ್ದ ಕೋಟಿನ ಗುಂಡಿ ಎಣಿಸುತ್ತ ನಿಂತ. ಥೂ ಅವನ!

"ಸ್ಕೂಲ್ ಬ್ಯಾಗೇ ಹೊಲಿಯಮ್ಮ ಸೋಮವಾರದಿಂದ," ಅಂದರು ಶ್ರೀನಿವಾಸಯ್ಯ. ಹೇಮಶ್ರೀ ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ತುಟಿ ಕಚ್ಚಿಕೊಂಡು ಮೆಷಿನ್ನಿನ ಹಿಂದೆ ಹೋಗಿ ಕೂತಳು. ನಂಜುಂಡಯ್ಯ ಚಪ್ಪಲಿ ಮೆಟ್ಟಿ ಇಳಿದು ಹೋದರು.

ಅವಳ ಕೆನ್ನೆಯ ಮೇಲೆ ನೀರು ಇಳಿದದ್ದನ್ನು ನೋಡಿದ ಮೇಲೆ ಕಶ್ಯಪ್ ನಿಲ್ಲಲಿಲ್ಲ. ಧಡಧಡನೆ ಮೆಟ್ಟಿಲಿಳಿದು ಓಡಿದ. ನಂಜುಂಡಯ್ಯ ಒಂದು ಕಾಲು ಆಟೋದೊಳಗೆ ಇಟ್ಟಿದ್ದರು.

"ಸಾರ್, ನಿಲ್ಲಿ! ಬ್ಯಾಗ್‌ದೇನೂ ತಪ್ಪಿಲ್ಲ. ಸುಕ್ಕು ಮಾಡಿದ್ದು ನಾನು. ಬಸ್ ಸ್ಟಾಪಲ್ಲಿ ನಿಂತು ಕೈಯಲ್ಲಿ ಹಿಂಡಿದೆ."

"ತಲೆ ಕೆಟ್ಟಿದ್ಯೇನಪ್ಪ ನಿಂಗೆ?"

"ಹೌದು ಸಾರ್. ಆ ಹುಡುಗೀನ ನೋಡೋಕೆ... ಬೇರೆ ದಾರಿ ಗೊತ್ತಾಗ್ಲಿಲ್ಲ."

ಹಿಂದೆಯೇ ಓಡಿಬಂದಿದ್ದ ಶ್ರೀನಿವಾಸಯ್ಯ, ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಹೇಮಶ್ರೀ, ಎದುರಿನ ಹೂವಿನವಳು, ಆಟೋದವನು, ಎಲ್ಲರಿಗೂ ಕೇಳಿಸಿತು. ಆಟೋದವನು "ಗುರುವೇ!" ಎಂದು ಹಣೆ ಚಚ್ಚಿಕೊಂಡ.

ನಂಜುಂಡಯ್ಯ ನಗಲಿಲ್ಲ. "ಸುಳ್ಳು ಹೇಳಿದ್ದು ಆಗಲೋ ಈಗಲೋ, ನಂಗೆ ಹೇಗಯ್ಯ ಗೊತ್ತಾಗ್ಬೇಕು?" ಎಂದು ಮತ್ತೆ ಅಂಗಡಿಗೆ ನಡೆದರು. ಮೈಮೇಲಿದ್ದ ಕ್ಲೋಸ್ ಕಾಲರ್ ಕೋಟನ್ನು ಕಳಚಿ ಹೇಮಶ್ರೀಗೆ ಕೊಟ್ಟರು. "ಈಗ ಇಸ್ತ್ರಿ ಮಾಡಿಸಿ ಹಾಕ್ಕೊಂಡಿದ್ದು. ಸಂಜೆ ಬೀಗರ ಮನೇಲಿ ಆರತಕ್ಷತೆ ಇದೆ. ಇದನ್ನ ಹಾಕು ಬ್ಯಾಗಿಗೆ."

ಹೇಮಶ್ರೀ ಭುಜ ತಿರುಗಿಸಿ, ಭುಜದೊಳಗೆ ಭುಜ ಕೂರಿಸಿ, ಸುರುಳಿಯ ಮೇಲೆ ಬಾಗಿಸಿ, ಪಟ್ಟಿ ಬಿಗಿದು ಜಿಪ್ ಎಳೆದಳು. ನಂಜುಂಡಯ್ಯ ಬ್ಯಾಗನ್ನು ಬೆಂಚಿನ ಮೇಲೆ ಹಾಕಿ, ಅದರ ಮೇಲೆ ಆಸೀನರಾದರು.

"ನೂರ ಎರಡು ಕೆಜಿ ಇದ್ದೀನಿ. ಅರ್ಧ ಗಂಟೆ ಕೂರ್ತೀನಿ. ಶ್ರೀನಿವಾಸಯ್ಯ, ಕಾಫಿ ತರಿಸಿ. ನೀವಿಬ್ರೂ ಆಚೆ ಹೋಗಿ, ಎದುರಿಗೆ ನಿಂತು ನನ್ನ ಬಾಯಿ ನೋಡ್ಬೇಡಿ."

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ನಿಂತರು. ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ.

"ಎಂಟು ತಿಂಗಳು," ಅಂದಳು ಹೇಮಶ್ರೀ, ರಸ್ತೆಯನ್ನೇ ನೋಡುತ್ತ. "ಹಳೇ ಬೆಡ್‌ಶೀಟ್ ಕತ್ತರಿಸಿ ಕತ್ತರಿಸಿ ಎಂಟು ತಿಂಗಳು ಒದ್ದಾಡಿದ್ದೀನಿ ಆ ಬ್ಯಾಗಿಗೆ. ನಿಮಗೆ ಅದು ಆಟ."

"ಆಟ ಅನ್ಬೇಡಿ. ನಿಮ್ಮನ್ನ ನೋಡ್ಬೇಕಿತ್ತು."

"ಬಂದು ನೋಡೋಕೆ ಕೋಟು ಯಾಕೆ ಬೇಕು? ಬಾಯಿಲ್ವಾ? ಊರೂರಲ್ಲಿ ಮೈಕ್ ಹಿಡ್ಕೊಂಡು ಹಾಡ್ತೀರ."

"ಅಲ್ಲಿ ಹಾಡಬಹುದು ಹೇಮಶ್ರೀ. ನಿಮ್ಮೆದುರು ನಿಂತ್ರೆ ಶ್ರುತಿನೇ ಸಿಗಲ್ಲ." ಅವನು ಉಸಿರೆಳೆದುಕೊಂಡ. "ನೀವಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ. ಮೊದಲು ಹೇಳ್ಬೇಕಿದ್ದ ಮಾತು ಇದೇನೇ."

ಅವಳ ಕುತ್ತಿಗೆಯವರೆಗೆ ಕೆಂಪು ಏರಿತು. ಅದು ಸಿಟ್ಟೋ ನಾಚಿಕೆಯೋ ಅವನಿಗೆ ತಿಳಿಯಲಿಲ್ಲ.

"ಆಗ ಒಳಗೆ ಯಾಕೆ ಸುಮ್ನಿದ್ರಿ? ಯಜಮಾನ್ರು ನಂಗೆ ಬೈತಿದ್ರು."

"ಹೆದರ್ಕೊಂಡೆ. ಸುಳ್ಳುಗಾರ ಅಂತ ಗೊತ್ತಾದ್ರೆ ಇನ್ನು ನನ್ನ ಮುಖ ನೋಡಲ್ಲ ಅಂತ."

ಎದುರಿನ ಹೂವಿನವಳು ಮಾರು ಅಳೆಯುವುದನ್ನು ಬಿಟ್ಟು ಇವರನ್ನೇ ನೋಡುತ್ತಿದ್ದಳು. ಇಬ್ಬರೂ ಹಾಗೆಯೇ ನಿಂತರು. ಅಂಥ ಅರ್ಧ ಗಂಟೆ ಶತ್ರುವಿಗೂ ಬೇಡ.

"ಹೇಮಾ!" ಒಳಗಿನಿಂದ ಕೂಗು ಬಂತು.

ನಂಜುಂಡಯ್ಯ ಎದ್ದು ನಿಂತು ಬ್ಯಾಗನ್ನು ಬೆಂಚಿನ ಮೇಲೆ ಬಿಡಿಸಿದ್ದರು. ಪಟ್ಟಿ ತೆಗೆದರು. ಕೋಟನ್ನು ಎತ್ತಿ ಬೆಳಕಿಗೆ ಹಿಡಿದರು. ಬೆನ್ನು ನೋಡಿದರು, ತೋಳು ನೋಡಿದರು, ಅಂಚು ನೋಡಿದರು. ಎಡಗಡೆ ಜೇಬಿನ ಹತ್ತಿರ ಬೆರಳು ನಿಂತಿತು. ಅಲ್ಲೊಂದು ದುಂಡನೆಯ ಗುರುತಿತ್ತು. ಹೇಮಶ್ರೀ ಕಣ್ಣು ಮುಚ್ಚಿಕೊಂಡಳು.

"ಇದು ನನ್ನ ನಶ್ಯದ ಡಬ್ಬಿ," ಅಂದರು ನಂಜುಂಡಯ್ಯ ಜೇಬಿಗೆ ಕೈ ಹಾಕಿ. "ತೆಗೆಯೋದು ಮರೆತೆ. ಬೇರೆ ಏನೂ ಇಲ್ಲ." ಕೋಟು ತೊಟ್ಟುಕೊಂಡು ಗುಂಡಿ ಹಾಕಿದರು. "ಮುನ್ನೂರು ಬ್ಯಾಗ್. ದೀಪಾವಳಿಗೆ ಮುಂಚೆ ಬೇಕು. ಹೊಲಿಯೋದು ಈ ಹುಡುಗೀನೇ ನೋಡ್ಕೋಬೇಕು. ಆದರೆ ಶ್ರೀನಿವಾಸಯ್ಯ, ಈ ಪುಣ್ಯಾತ್ಮನ್ನ ಮಾತ್ರ ಮೆಷಿನ್ ಹತ್ತಿರ ಬಿಟ್ಕೋಬೇಡಿ!"

ಶ್ರೀನಿವಾಸಯ್ಯ ಅವರನ್ನು ಆಟೋವರೆಗೆ ಬಿಡಲು ಹೋದರು. ಕಶ್ಯಪ್ ತನ್ನ ಕೋಟು ಎತ್ತಿಕೊಂಡ. ಹೇಳಬೇಕಾದದ್ದು ಹೇಳಿಯಾಗಿತ್ತು, ಅವಳ ಆರ್ಡರ್ ಅವಳಿಗೆ ಸಿಕ್ಕಿತ್ತು. ಇನ್ನು ಇಲ್ಲಿ ತನಗೇನಿದೆ ಎಂದು ಬಾಗಿಲ ಕಡೆ ತಿರುಗಿದ.

"ನಿಲ್ಲಿ," ಅಂದಳು ಹೇಮಶ್ರೀ. ಅವನ ಕೈಯಿಂದ ಕೋಟಿನ ತೋಳನ್ನು ತೆಗೆದುಕೊಂಡು ತೋರಿಸಿದಳು. "ಬ್ಯಾಗಿನಲ್ಲಿ ಬೀಳೋ ಸುಕ್ಕು ಗೆರೆ ಎಳೆದ ಹಾಗೆ ನೇರ ಇರತ್ತೆ. ಮುಷ್ಟೀದು ಹೀಗೆ, ನಾಲ್ಕೂ ಕಡೆ ಸಿಡಿದಿರತ್ತೆ. ಹನ್ನೆರಡು ವರ್ಷದಿಂದ ಬಟ್ಟೆ ಮುಟ್ತಿದ್ದೀನಿ. ಅಷ್ಟೂ ಗೊತ್ತಾಗಲ್ವಾ?"

"ಅಂದ್ರೆ ಇವತ್ತು ನೋಡಿದ ಕೂಡ್ಲೇ..."

"ಹೋದ ಸಲಾನೇ ಗೊತ್ತಾಗಿತ್ತು."

"ಮತ್ತೆ ರಿಪೇರಿ ಮಾಡಿದ್ರಲ್ಲ?"

"ಎಲ್ಲಿ ಮಾಡ್ದೆ? ಒಂದು ದಾರಾನೂ ಬಿಚ್ಚಿಲ್ಲ. ಗುರುವಾರದವರೆಗೂ ಹಾಗೇ ಮೊಳೆಗೆ ನೇತು ಹಾಕಿದ್ದೆ." ಅವಳ ದನಿ ತಗ್ಗಿತು. "ನೀವು ಇನ್ನೊಂದ್ಸಲ ಬರ್ಲಿ ಅಂತ. ಯಜಮಾನ್ರಿಗೆ ರಿಪೇರಿ ಅಂತ ಸುಳ್ಳು ಹೇಳಿದ್ದು ನಾನು. ಅದಕ್ಕೇ ಆಗ ನಂಗೂ ಬಾಯಿ ಬರ್ಲಿಲ್ಲ. ನನ್ನ ಆರ್ಡರ್‌ನ ಅರ್ಧ ನಾನೇ ಕೆಡಿಸ್ಕೊಂಡಿದ್ದೆ."

ಅಬ್ಬಾ! ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಅಳುತ್ತಲೇ ನಗುತ್ತಿದ್ದಳು, ಹಾಗಾಗಿ ಅವನೂ ನಕ್ಕ.

"ನಾಳೆ ಭಾನುವಾರ, ನಮ್ಮಪ್ಪ ಮನೇಲಿರ್ತಾರೆ," ಅಂದಳು ಕಣ್ಣೊರೆಸಿಕೊಂಡು. "ಕಾಟನ್‌ಪೇಟೇಲಿ ಬ್ಯಾಗ್ ಹೊಲಿಯೋ ಮುನಿಸ್ವಾಮಿ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ."

"ಬಂದ ವಿಷಯ ಏನು ಅಂತ ಅವರು ಕೇಳಿದ್ರೆ?"

"ನಿಮ್ಮ ಮಗಳನ್ನ ಕೇಳೋಕೆ ಬಂದೆ ಅನ್ನಿ." ಈ ಸಲ ಅವಳು ನೋಟ ಕದಲಿಸಲಿಲ್ಲ. "ಕಶ್ಯಪ್... ಬ್ಯಾಗ್ ಸರಿಯಿಲ್ಲ ಅಂತ ಶುರು ಮಾಡೀರಾ ಮತ್ತೆ!"