ಅಂಗಳದ ನಡುವಿನ ತೊಟ್ಟಿ

೧೯೯೪ರ ಜುಲೈ. ಇಳಿಹಗಲಿನ ನಮಾಜಿಗೆ ಅಸರ್ ಬಾಂಗ್ ಆಗಿ ಸ್ವಲ್ಪ ಹೊತ್ತು, ಸೆಕೆ ಇಳಿದಿರಲಿಲ್ಲ. ಗಲ್ಫಿನ ಗುದೈಬಿಯಾದಲ್ಲಿ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಕೆಲಸದಿಂದ ಬಂದ ಕೊಸ್ಮಸ್ ಬಾಗಿಲು ತೆರೆದವನು ನನ್ನನ್ನು ಕೂಗಿ ಕರೆದ. ಮೇಜಿನ ಮೇಲೆ ಅವನು ಕಟ್ಟಿದ್ದ ಮಠದ ಗಂಟೆಗೋಪುರ ಇರಲಿಲ್ಲ!

ಥರ್ಮೋಕೋಲಿನ ಮಠ. ಒಂಬೈನೂರು ವರ್ಷ ಹಿಂದೆ ಸಂತ ಬೆನೆಡಿಕ್ಟರ ಸನ್ಯಾಸಿಗಳು ಚಳಿದೇಶದಲ್ಲಿ ಹೀಗೆ ಕಟ್ಟುತ್ತಿದ್ದರಂತೆ. ಗಾಳಿ ತಡೆಯಲು ಉತ್ತರಕ್ಕೆ ಇಗರ್ಜಿ. ದಕ್ಷಿಣಕ್ಕೆ ಬಿಸಿಲು ಬೀಳುವ ಚೌಕ ಅಂಗಳ, ಸುತ್ತ ಕಮಾನಿನ ಮೊಗಸಾಲೆ. ರಾತ್ರಿಯ ಪ್ರಾರ್ಥನೆಗೆ ಮಲಗುವ ಕೋಣೆಯಿಂದ ನೇರ ಇಗರ್ಜಿಗೆ ಇಳಿಯುವ ಮೆಟ್ಟಿಲು. ಊಟದ ಮನೆಯ ಬಾಗಿಲಲ್ಲಿ ಕೈ ತೊಳೆಯುವ ತೊಟ್ಟಿ. ಕೊಸ್ಮಸ್ ಹೇಳಿ ಹೇಳಿ, ಕೆಳಗೆ ಅಂಗಡಿ ಇಟ್ಟ ನನಗೂ ಬಾಯಿಪಾಠ. ಸಂತರ ಹಬ್ಬಕ್ಕೆ ಅದನ್ನು ಇಗರ್ಜಿಯಲ್ಲಿ ಇಡುವುದಿತ್ತು.

ಕೋಣೆಯವರ ಹೊರತು ಕೊಸ್ಮಸನ ಕೋಣೆಯ ಕೀ ಇದ್ದದ್ದು ಕಟ್ಟಡದ ಕಾವಲುಗಾರ, ಬಾವ ಎಂಬವನಲ್ಲಿ ಮಾತ್ರ. ಗೋಪುರ ತೆಗೆದವನು ಬಾವನೇ, ಅವನನ್ನು ಊರಿಗೆ ಕಳಿಸಿ ಎಂದು ಮಾಲೀಕನಿಗೆ ಫೋನು ಮಾಡಿದವನು ಕೊಸ್ಮಸನ ಹಿಂದೆಯೇ ಬಂದ ಅವನ ಕೋಣೆಗೆಳೆಯ ಹರಿನಾಥ. ತಾನು ಬೆಳಗ್ಗಿನಿಂದ ದೂರದ ರಿಫಾದಲ್ಲಿ ಅಕ್ಕನ ಮನೆಯಲ್ಲಿದ್ದೆ ಎಂದ. ಸಂಜೆ ಮಾಲೀಕ ಬಂದರೆ ಬಾವನ ವೀಸಾ ಹೋದಂತೆಯೇ.

ಎದುರು ಮನೆಯ ನರ್ಸ್ ಜೋಸೆಫಿನ್‌ಬಾಯಿ ಡ್ಯೂಟಿ ಮುಗಿಸಿ, ಕಾಲೆಳೆದುಕೊಂಡು ಬಂದರು. ಮಠದ ಸುತ್ತ ಒಂದು ಸುತ್ತು ಹಾಕಿದರು.

"ಬಾವಾ, ನೀನು ಒಳಗೆ ಹೋಗಿದ್ಯಾ?"

"ಇಲ್ಲ ಬಾಯಮ್ಮ. ಹೇಳಿ ಹೇಳಿ ಬಾಯಿ ಒಣಗಿತು."

"ಹರಿನಾಥ, ಈ ತೊಟ್ಟಿ ಇರಬೇಕಾದದ್ದು ಎಲ್ಲಿ?"

"ಅಲ್ಲೇ, ಅಂಗಳದ ನಡುವೆ. ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?"

ಕೊಸ್ಮಸ್ ತಲೆಯೆತ್ತಿದ.

ಜೋಸೆಫಿನ್‌ಬಾಯಿ ಕುರ್ಚಿ ಎಳೆದು ಕೂತರು. "ಎಲ್ಲರೂ ಗೋಪುರ ಹೋದ ಜಾಗ ನೋಡಿದ್ರಿ. ತೊಟ್ಟಿ ನಿನ್ನೆ ಊಟದ ಮನೆಯ ಬಾಗಿಲಲ್ಲಿತ್ತು. ಇವತ್ತು ನಡುವೆ ಅಂಟಿದೆ — ಗೋಂದು ಇನ್ನೂ ಹಸಿ. ಕಿತ್ತು ಬಿದ್ದದ್ದನ್ನು ಮಧ್ಯಾಹ್ನ ಯಾರೋ ಅಂಟಿಸಿದ್ದಾರೆ. ಬಾವ ಆಗಿದ್ರೆ ಬಾಗಿಲಲ್ಲೇ ಇಡ್ತಿದ್ದ, ಪಳ್ಳಿಯಲ್ಲಿ ಕೈಕಾಲು ತೊಳೆದು ನಮಾಜಿಗೆ ಒಳಗೆ ಹೋಗುವವನು. ಅಂಗಳ ಕಂಡ ಕೂಡಲೇ ನಡುವೆ ಕಟ್ಟೆ ಇಡ್ಲಿಕ್ಕೆ ಯಾರ ಕೈ ಹೋಗ್ತದೆ? ತುಳಸಿಕಟ್ಟೆಗೆ ನೀರು ಹಾಕಿ ಬೆಳೆದವನದ್ದು." ಅವರು ನನ್ನ ಕಡೆ ತಿರುಗಿದರು. "ಕಿಟ್ಟಣ್ಣ, ನಿಮ್ಮ ಹತ್ರ ಕೀ ಇಲ್ಲ, ಬಚಾವ್."

ನಿಜ. ನಾನೂ ತುಳಸಿಕಟ್ಟೆಯ ಮನೆಯವನೇ; ಬಾಯಿಪಾಠ ಇದ್ದರೂ ನಡುವಿನ ತೊಟ್ಟಿ ನನ್ನ ಕಣ್ಣಿಗೂ ಸರಿಯಾಗಿಯೇ ಕಂಡಿತ್ತು.

ಹರಿನಾಥ ನೆಲ ನೋಡಿದ. "ಸೂಟ್‌ಕೇಸ್ ಇಳಿಸುವಾಗ ತಾಗಿತು. ಗೋಪುರ ಪುಡಿ ಆಯ್ತು. ಕೊಸ್ಮಸನ ಮುಖ ನೋಡ್ಲಿಕ್ಕೆ ಆಗದೆ..."

"ಬಾವನ ಮುಖ ನೋಡ್ಲಿಕ್ಕೆ ಆಯ್ತಲ್ಲ?"



ಮಾಲೀಕ ಬಂದು, ವಿಷಯ ಕೇಳಿ, ಬಾವನಿಗೆ ಕೆಲಸದಲ್ಲೇ ಇರು ಎಂದ. ಕೊಸ್ಮಸ್ ಬಾವನ ಕೈ ಹಿಡಿದುಕೊಂಡ. ಬಾವ ಕೆಳಗೆ ಬಂದು ಕೀಗೊಂಚಲನ್ನು ನನ್ನ ಅಂಗಡಿಯ ಮೇಜಿನ ಮೇಲಿಟ್ಟ.

"ಸಾಕು ಕಿಟ್ಟಣ್ಣ. ಇನ್ನು ಎಂತ ಕಳೆದರೂ ಮೊದಲು ಕೇಳುವುದು ನನ್ನನ್ನೇ."

ಗೋಪುರವಿಲ್ಲದ ಮಠ ಹಬ್ಬಕ್ಕೆ ಇಗರ್ಜಿಗೆ ಹೋಯಿತು. ಮರುದಿನ, ಮಂಗಳವಾರ, ಬಾವ ಊರಿಗೆ ಹೋದ.