ಆಲ್ವಿಟಾಳಿಗೆ ಬಂದ ಗಡಿಯಾರ

"ಅನ್ನ ಹಾಕಿದ ಮನೆಯಲ್ಲೇ ಕಳ್ಳತನ ಮಾಡ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ಬಾಯಿಗೆ ಬಂದಂಗೆ ಮಾತಾಡ್ಬೇಡಿ ಅಮ್ಮಾರೇ. ದೀಪಾವಳಿಗೆ ನೀವೇ ನಿಮ್ಮ ಕೈಯಾರೆ ಕೊಟ್ಟಿದ್ದು!"

ಎಸ್ಟೇಟ್ ಮಾಲೀಕರ ಹೆಂಡತಿ ಪೆಟ್ರೀಷಿಯಾ ಮತ್ತು ಅವರ ಮನೆಯ ಅಡುಗೆಯ ವಿಶಾಲಮ್ಮ ಐದನೇ ತರಗತಿಯ ಕೋಣೆಯಲ್ಲಿ ಎದುರುಬದುರು ನಿಂತಿದ್ದರು. ನಡುವೆ ಸಿಕ್ಕಿಕೊಂಡ ತನುಜಾ ಟೀಚರಿಗೆ ತಲೆ ಸಿಡಿಯುತ್ತಿತ್ತು. ಕ್ರಿಸ್‌ಮಸ್ ರಜೆಗೆ ಮುಂಚಿನ ಕೊನೆಯ ದಿನ. ಮಕ್ಕಳು ಚೀಟಿ ಎತ್ತಿ, ಹೆಸರು ಬಂದವರಿಗೆ ಉಡುಗೊರೆ ಕೊಡುವುದು ಶಾಲೆಯ ಪದ್ಧತಿ. ವಿಶಾಲಮ್ಮನ ಮಗಳು ಚೈತ್ರಶ್ರೀಗೆ ಆಲ್ವಿಟಾಳ ಹೆಸರು ಬಂದಿತ್ತು. ಆಲ್ವಿಟಾ ಪೊಟ್ಟಣ ಹರಿದು ನೋಡಿದರೆ ಪುಟ್ಟ ಹಕ್ಕಿ ಗಡಿಯಾರ! ಮಸ್ಕತ್ತಿನಿಂದ ಚಿಕ್ಕಪ್ಪ ತಂದದ್ದನ್ನು ಅವಳೇ ಜೂನ್‌ನಲ್ಲಿ, ಪೆಟ್ರೀಷಿಯಾರ ಮಗಳು ಲಿಯೋನಾಳ ಹುಟ್ಟುಹಬ್ಬಕ್ಕೆ ಕೊಟ್ಟಿದ್ದಳು.

"ನನ್ನ ಗಿಫ್ಟ್ ನಿಂಗೆ ಬೇಡವಾಯ್ತಾ?" ಎಂದು ಆಲ್ವಿಟಾ ಗೆಳತಿ ಲಿಯೋನಾಳ ಮುಂದೆ ಅತ್ತಳು. ವಿಶಾಲಮ್ಮನಂತೆ ಮಗಳನ್ನು ಕರೆದೊಯ್ಯಲು ಬಂದಿದ್ದ ಪೆಟ್ರೀಷಿಯಾ 'ಕಳವು' ಎಂದದ್ದು ಆಗಲೇ.

"ಈ ಹುಡುಗಿಗೆ ಟಿ.ಸಿ. ಕೊಟ್ಟು ಕಳಿಸಿ ಟೀಚರ್. ಇಲ್ಲಾಂದ್ರೆ ನಾನು ಮ್ಯಾನೇಜ್‌ಮೆಂಟಿಗೆ ಹೇಳ್ತೇನೆ."

ತನುಜಾ ಗಡಿಯಾರವನ್ನು ತಿರುಗಿಸಿ ನೋಡಿದರು. ಮುಳ್ಳು ನಿಂತಿತ್ತು. ಬೆನ್ನಿನಿಂದ ಪ್ಲಾಸ್ಟಿಕ್ ಚೂರೊಂದು ನಾಲಿಗೆಯಂತೆ ಹೊರಚಾಚಿತ್ತು. ಏನೂ ಹೊಳೆಯದೆ ಆಯಾ ಕಲ್ಯಾಣಮ್ಮನನ್ನು ಕರೆಸಿದರು. ಇಪ್ಪತ್ತು ವರ್ಷದಿಂದ ಈ ಶಾಲೆಯಲ್ಲಿ ಕಳೆದ ಟಿಫಿನ್ ಡಬ್ಬಿಯಿಂದ ಹಿಡಿದು ಕದ್ದ ಉತ್ತರಪತ್ರಿಕೆಯವರೆಗೆ ಎಲ್ಲವನ್ನೂ ಪತ್ತೆಹಚ್ಚಿದವಳು ಅವಳೇ.

ಕಲ್ಯಾಣಮ್ಮ ಪೊರಕೆಯನ್ನು ಗೋಡೆಗೊರಗಿಸಿದಳು. "ಇದು ನಿಮ್ಮನೇಲಿ ಎಲ್ಲಿತ್ತು ಅಮ್ಮ?"

"ಲಿಯೋನಾ ರೂಮಲ್ಲಿ. ದಿನಾ ಬೆಳಿಗ್ಗೆ ಏಳಕ್ಕೆ ಕೂಗಿ ಎಬ್ಬಿಸ್ತಿತ್ತು. ಹೋದ ಭಾನುವಾರದಿಂದ ಕಾಣೆ."

ಲಿಯೋನಾ ತಲೆ ತಗ್ಗಿಸಿದಳು.

"ನೀನೇನಂತೀಯ ವಿಶಾಲ?"

"ಒಳಗೇನೈತೆ ಅಂತ ನಾನು ಬಿಚ್ಚೇ ನೋಡಿಲ್ಲ ಕಣಕ್ಕ. ಚೆನ್ನಾಗಿರೋ ಪೊಟ್ಟಣ ಅಂತ ಟ್ರಂಕಲ್ಲಿ ಮಡಗಿದ್ದೆ. ಮಗು ಏನಾದ್ರೂ ಕೊಡ್ಬೇಕು ಅಂತು, ಮೇಲೊಂದು ಕ್ಯಾಲೆಂಡರ್ ಹಾಳೆ ಸುತ್ತಿ ಕಳಿಸ್ದೆ."

ಕಲ್ಯಾಣಮ್ಮ ಕಸದ ಬುಟ್ಟಿಗೆ ಕೈ ಹಾಕಿ ಎರಡು ಹಾಳೆ ತೆಗೆದಳು. ಒಂದು ಕ್ಯಾಲೆಂಡರಿನದು. ಇನ್ನೊಂದರ ಮೇಲೆ ಬಲೂನಿನ ಚಿತ್ರ.

"ಆಲ್ವಿಟಾ ಪುಟ್ಟಿ, ಈ ಬಲೂನಿನ ಹಾಳೆ ಯಾರು ಸುತ್ತಿದ್ದು?"

ಮಗು ಬಿಕ್ಕುತ್ತಲೇ ನೋಡಿತು. "ನಮ್ಮಮ್ಮ. ಬರ್ತ್‌ಡೇ ದಿನ."

"ಅಂದ್ರೆ ಜೂನಲ್ಲಿ ಕಟ್ಟಿದ ಪೊಟ್ಟಣ ಇವತ್ತೇ ಮೊದಲು ಹರಿದಿದ್ದು" ಎಂದಳು ಕಲ್ಯಾಣಮ್ಮ. "ಕದ್ದವಳು ತಂದು ಅದೇ ಹಾಳೆಯಲ್ಲಿ ಮತ್ತೆ ಸುತ್ತಿದ್ಲು ಅಂತೀರಾ? ಹಂಗಾದ್ರೆ ಇದು ನೋಡಿ." ಗಡಿಯಾರದ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಹಿಡಿದು ಎಳೆದಳು. ಮುಳ್ಳು ಟಿಕ್ ಟಿಕ್ ಎಂದು ಹೊರಟಿತು. "ಬ್ಯಾಟರಿಗೆ ಅಡ್ಡ ಇಟ್ಟಿರ್ತಾರೆ ಇದನ್ನ. ತೆಗೆಯೋವರೆಗೂ ಗಡಿಯಾರ ನಡೆಯಲ್ಲ. ದಿನಾ ಏಳಕ್ಕೆ ಕೂಗ್ತಿದ್ದ ಹಕ್ಕಿ ಯಾವುದಮ್ಮಾ?"

 ಲಿಯೋನಾ ಮುಂದೆ ಬಂದಳು. "ನಂಗೆ ಇದು ಬಂದಿದ್ದೇ ಗೊತ್ತಿಲ್ಲ ಆಲ್ವಿ. ಗಿಫ್ಟೆಲ್ಲ ಮಮ್ಮಿ ಬೀರುವಲ್ಲಿಟ್ಟು ಬೇರೆಯವರಿಗೆ ಕೊಡ್ತಾರೆ."

"ಅಷ್ಟೇ" ಎಂದಳು ಕಲ್ಯಾಣಮ್ಮ. "ಬಿಚ್ಚದೇ ಕೊಟ್ಬುಟ್ರಿ. ಇವತ್ತು ಈ ಮಗು ಮುಂದೆ ಒಪ್ಪಿಕೊಳ್ಳೋಕೆ ಮರ್ಯಾದೆ ಅಡ್ಡ ಬಂತು. ಬಡವಿ ಸಿಕ್ಕಿದ್ಲು."

ಪೆಟ್ರೀಷಿಯಾ ಸೆರಗು ಸರಿಮಾಡಿಕೊಂಡರು. "ನೆನಪಿರಲಿಲ್ಲ. ಹೋಗ್ಲಿ ಬಿಡು ವಿಶಾಲ, ದೊಡ್ಡದು ಮಾಡ್ಬೇಡ. ನಾಳೆ ಬೇಗ ಬಾ, ಕುಸ್ವಾರಿಗೆ ಹಿಟ್ಟು ಕಲಸಬೇಕು."

ಕ್ರಿಸ್‌ಮಸ್ ತಿಂಡಿಯ ಮಾತು ಕೇಳಿ ತನುಜಾಗೆ ಮೈ ಉರಿದುಹೋಯಿತು. ಆದರೂ ಹರಿದ ಹಾಳೆಗಳನ್ನು ಮಡಚುತ್ತ ನಿಂತರು. 

ವಿಶಾಲಮ್ಮ ಸೊಂಟದಿಂದ ಬಂಗಲೆಯ ಹಿಂಬಾಗಿಲಿನ ಕೀ ಬಿಚ್ಚಿ ಮೇಜಿನ ಮೇಲಿಟ್ಟಳು. ಮಗಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

"ಕಳ್ಳಿ ಅಲ್ಲ ಅಂತ ಗೊತ್ತಾಯ್ತಲ್ಲ ವಿಶಾಲಮ್ಮ" ಎಂದರು ತನುಜಾ. "ಜನವರಿಗೆ ಮಗೂನ ಕಳಿಸಿ."

"ಗೊತ್ತಾಗೋಕೆ ಮುಂಚೆ ಎಲ್ರೂ ನಂಬಿದ್ರಲ್ಲ ಟೀಚರ್. ನೀವೂ."

ತಾಯಿ ಮಗಳು ಗೇಟು ದಾಟಿ ಬಿಸಿಲೆ ಘಾಟಿಯ ರಸ್ತೆ ಹಿಡಿದರು. ತನುಜಾ ಜಗಲಿಯಿಂದ ಎರಡು ಸಲ ಕೂಗಿದರು. ಇಬ್ಬರೂ ತಿರುಗಿ ನೋಡಲಿಲ್ಲ. ಜನವರಿಯಲ್ಲಿ ಹಾಜರಿ ಕರೆಯುವಾಗ ಒಂದು ವಾರ ಚೈತ್ರಶ್ರೀಯ ಹೆಸರನ್ನೂ ಕರೆದು, ಆಮೇಲೆ ಬಿಟ್ಟರು.