ಡಿಗ್ಬೆತ್ ಕಮಾನಿನ ಕೆಳಗೆ ತೆಗೆದ ಫೋಟೋ

“ಏಯ್! ಕೈ ತೆಗಿ! ತೆಗಿ ಅಂದೆ ಅಲ್ಲಿಂದ!”

ಸಿಟ್ಟು ಬಂದರೆ ನಿರುಪಮಾಳಿಗೆ ಇಂಗ್ಲಿಷ್ ಕೈಕೊಡುತ್ತದೆ. ಬರ್ಮಿಂಗ್‌ಹ್ಯಾಮಿಗೆ ಬಂದು ಇಷ್ಟು ವರ್ಷವಾದರೂ ಬೈಯುವುದಕ್ಕೆ ಮಾತ್ರ ಅವಳಿಗೆ ಮೈಸೂರೇ ಬೇಕು! ಡಿಗ್ಬೆತ್‌ನ ರೈಲು ಸೇತುವೆಯ ಕೆಳಗೆ, ಇಟ್ಟಿಗೆಯ ಕಮಾನಿಗೆ ಒದ್ದೆ ಸ್ಪಂಜು ಹಿಡಿದು ಉಜ್ಜುತ್ತಿದ್ದ ಆ ಮನುಷ್ಯನಿಗೆ ತನ್ನ ಬೈಗುಳ ಅರ್ಥವಾಗುತ್ತದೋ ಇಲ್ಲವೋ ಎಂದು ಅವಳು ಯೋಚಿಸಲೂ ಇಲ್ಲ.

ಅವನು ಬೆಚ್ಚಿಬಿದ್ದು ತಿರುಗಿದ. ಕೊರಳಲ್ಲಿ ಕ್ಯಾಮೆರಾ ತೂಗಾಡುತ್ತಿತ್ತು.

“ಅಯ್ಯೋ... ಕನ್ನಡದವ್ರಾ?”

“ಯಾರಾದ್ರೇನ್ರೀ! ಅದನ್ನ ಯಾಕ್ರೀ ಒರೆಸಿದ್ರಿ?”

“ಸೀಮೆಸುಣ್ಣದ ಗೀಚು ಅಲ್ವಾ... ಯಾರೋ ಮಕ್ಕಳು ಗೀಚಿರ್ಬೇಕು ಅಂದ್ಕೊಂಡೆ. ಫೋಟೋಗೆ ಅಡ್ಡ ಬರ್ತಿತ್ತು.”

“ಮಕ್ಕಳಲ್ಲ, ನಾನು! ಬಿರುಕು ಎಲ್ಲಿವರೆಗೆ ಬಂದಿದೆ ಅಂತ ಹಾಕಿದ ಗುರುತು ಅದು. ಈಗ ಅದು ಬೆಳೆದಿದ್ಯಾ ಇಲ್ವಾ ಅಂತ ಯಾರನ್ನ ಕೇಳ್ಲಿ? ನಿಮ್ಮ ಸ್ಪಂಜನ್ನ ಕೇಳ್ಲಾ?”

ಅವನ ಮುಖ ಸಪ್ಪಗಾಯಿತು. ಹಳೆಯ ಸೇತುವೆಗಳ ಕಮಾನುಗಳನ್ನು ಪರೀಕ್ಷಿಸುವ ಎಂಜಿನಿಯರ್ ಇವಳು. ಈ ಒಂದು ಬಿರುಕು ವಾರಗಳಿಂದ ಅವಳ ತಲೆ ತಿನ್ನುತ್ತಿತ್ತು. ಹೊಸದೋ, ಹಳೆಯದೋ? ಹೊಸದಾದರೆ ಮೇಲೆ ಓಡುವ ರೈಲುಗಳ ಗತಿ ಏನು? ಅಂಥದ್ದರ ಗುರುತನ್ನು ಈ ಮಹಾನುಭಾವ ತೊಳೆದು ನಿಂತಿದ್ದ!

“ಸಾರಿ ರೀ. ನಾನು ಅಭಯ್. ಇಲ್ಲೇ ಆಸ್ಪತ್ರೆಯಲ್ಲಿ ಡಾಕ್ಟರು. ಈ ಊರಿನ ಕಮಾನುಗಳ ಹಳೇ ಫೋಟೋ ಹುಡುಕಿ, ಅದೇ ಜಾಗದಲ್ಲಿ ನಿಂತು ಈಗಿನ ಫೋಟೋ ತೆಗೀತೀನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಲೈಬ್ರರಿಯಲ್ಲಿ ಪ್ರದರ್ಶನ ಮಾಡ್ತಿದೀವಿ. ಹಳೇ ಫೋಟೋದಲ್ಲಿ ಸೀಮೆಸುಣ್ಣ ಇರ್ಲಿಲ್ಲ, ಅದಕ್ಕೇ...” ಎನ್ನುತ್ತ ಬ್ಯಾಗಿನಿಂದ ಕಪ್ಪು ಬಿಳುಪಿನ ಫೋಟೋ ಒಂದನ್ನು ತೆಗೆದ.

ನಿರುಪಮಾ ಕಸಿದುಕೊಂಡಳು. ನೋಡಿದಳು. ಮತ್ತೆ ನೋಡಿದಳು.

ಕಮಾನಿನ ನೆತ್ತಿಯಿಂದ ಕೆಳಗಿಳಿದ ಕೂದಲೆಳೆಯಂಥ ಗೆರೆ... ಕುದುರೆಗಾಡಿಗಳ ಕಾಲದ ಫೋಟೋದಲ್ಲೂ ಅಲ್ಲೇ ಇತ್ತು! ಅಷ್ಟೇ ಉದ್ದ!

“ಹಳೇದು... ಹಳೇದು ರೀ ಇದು!” ಎಂದು ಅವಳು ಕುಣಿಯುವುದೊಂದು ಬಾಕಿ.

“ಹಾಗಾದ್ರೆ ನನ್ನ ತಪ್ಪು ಮಾಫಾ?”

“ಅರ್ಧ. ಇದರ ಕಾಪಿ ಕಳಿಸಿದ್ರೆ ಇನ್ನರ್ಧ.”

“ಕಳಿಸೋಕೆ ನಿಮ್ಮ ನಂಬರ್ ಬೇಕಾಗುತ್ತಲ್ಲ...”

“ಇಮೇಲ್ ಕೊಡ್ತೀನಿ.”

ಪಾಪ, ಅವನ ಮುಖ ಹುಳ್ಳಗಾಗಿದ್ದನ್ನು ನೆನೆಸಿಕೊಂಡು ನಿರುಪಮಾ ಕಾರಿನೊಳಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಮೇಲ್ ವಾಟ್ಸಾಪ್ ಆಗುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ! ಅವನ ಡ್ಯೂಟಿ ಪಟ್ಟಿಯಲ್ಲಿ ಶನಿವಾರ ರಜೆ ಬಿದ್ದರೆ ಸಾಕು, ಇಬ್ಬರೂ ಕಮಾನು ಹುಡುಕಿಕೊಂಡು ಹೊರಡುತ್ತಿದ್ದರು. ಕಾಲುವೆಯ ಮೇಲಿನ ಗಿಡ್ಡ ಸೇತುವೆಗಳು, ಹಳೆಯ ಗೋದಾಮಿನ ಬಾಗಿಲುಗಳು, ಮುಚ್ಚಿಹೋದ ಸ್ಟೇಷನ್ನಿನ ಸಾಲು ಕಿಟಕಿಗಳು. ಅವನು ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತರುತ್ತಿದ್ದ. ಅವಳು ಕಮಾನಿನ ಭಾರ ಯಾವ ಕಲ್ಲಿಂದ ಯಾವ ಕಲ್ಲಿಗೆ ಇಳಿಯುತ್ತದೆ ಎಂದು ಬೆರಳಲ್ಲಿ ತೋರಿಸುತ್ತಿದ್ದಳು. ಅವನು ಬೆರಳು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

‘ನೋಡ್ತಾನೆ... ಆದ್ರೆ ಬಾಯಿ ಬಿಡಲ್ಲ. ಏನು ಮನುಷ್ಯ ಇವನು!’

ಈ ಬಾಯಿ ಬಿಡದ ರೋಗ ನಿರುಪಮಾಳ ನೆಮ್ಮದಿ ಕೆಡಿಸಿತ್ತು. ಮೀಟಿಂಗಿನಲ್ಲಿ ಕೂತರೂ ಕಣ್ಣು ಫೋನಿನ ಮೇಲೆ. ಬೇರೆ ಯಾರದೋ ಮೆಸೇಜ್ ಬಂದರೆ ಅವರ ಮೇಲೆ ಕೋಪ!

ಒಂದು ಮಧ್ಯಾಹ್ನ, ಡಿಗ್ಬೆತ್‌ನ ಅದೇ ಕಮಾನಿನ ಕೆಳಗೆ, ಹೆಲ್ಮೆಟ್ ಕೈಯಲ್ಲಿ ಹಿಡಿದು, ಗಾಳಿಗೆ ಕೂದಲೆಲ್ಲ ಕೆದರಿ ಅವಳು ನಗುತ್ತಿದ್ದಾಗ ಅವನು ಕ್ಲಿಕ್ ಮಾಡಿದ.

“ಇದನ್ನ ಪ್ರದರ್ಶನಕ್ಕೆ ಹಾಕಿದ್ರೆ ಸಾಯಿಸ್ತೀನಿ!”

“ಪ್ರದರ್ಶನಕ್ಕಲ್ಲ.” ಅವನ ದನಿ ಸಣ್ಣಗಾಯಿತು. “ಮನೆಯಲ್ಲಿ ತೋರಿಸ್ಬೇಕು. ತೋರಿಸ್ಲಾ?”

“ಹೂಂ” ಎಂದಳು. ಅಷ್ಟೇ.

ಅಲ್ಲಿಂದ ಶುರುವಾಯಿತು ನೋಡಿ ಕಾಯುವುದು. ಆ ವಾರ ಅವನ ಫೋನಿಲ್ಲ. ಮುಂದಿನ ವಾರವೂ ಇಲ್ಲ. ಮೆಸೇಜ್ ಹಾಕಿದರೆ ‘ಡ್ಯೂಟಿ ಜಾಸ್ತಿ’ ಎಂಬ ಎರಡು ಪದ. ಅವಳು ಮಾಡಿದ ಸಾರಿಗೆ ಉಪ್ಪಿಲ್ಲ, ಹಾಕಿದ ಲೆಕ್ಕ ಸರಿಯಿಲ್ಲ. ‘ನನ್ನ ಫೋಟೋ ನೋಡಿ ಬೇಡ ಅಂದ್ರಾ? ಅಂದ್ರೆ ಅನ್ಲಿ, ಇವನು ಬಂದು ಹೇಳ್ಬಾರ್ದಾ?’

ಹೇಳಿದ್ದು ಅವನಲ್ಲ, ಮೈಸೂರಿನಿಂದ ಅಮ್ಮ!

“ನಿರೂ, ಎಂಥಾ ಒಳ್ಳೆ ಸಂಬಂಧ ಬಂದಿದೆ ಗೊತ್ತೇನೇ! ಅಲ್ಲೇ ನಿಮ್ಮೂರ ಪಕ್ಕ ಸೊಲಿಹಲ್‌ನವ್ರು. ಹುಡುಗ ವಿನಾಯಕ ಅಂತ, ಕಾರ್ ಫ್ಯಾಕ್ಟರಿಯಲ್ಲಿ ಎಂಜಿನಿಯರು. ಅವರಮ್ಮ ಭಾಗೀರಥಿ ಯಾರ್ಯಾರನ್ನೋ ಹಿಡಿದು ನಮ್ಮ ನಂಬರ್ ಹುಡುಕಿದಾರೆ. ನಿನ್ನ ಫೋಟೋ ನೋಡಿ ಮರುಳಾಗಿಬಿಟ್ಟಿದಾರೆ ಕಣೇ.”

“ಯಾವ ಫೋಟೋ ಅಮ್ಮ?”

ಅಮ್ಮ ಕಳಿಸಿದಳು. ಹೆಲ್ಮೆಟ್. ಕೆದರಿದ ಕೂದಲು. ಹಿಂದೆ ಡಿಗ್ಬೆತ್ ಕಮಾನು.

“ಇದನ್ನ... ಯಾರು ಕೊಟ್ರಂತೆ?”

“ಅವರಕ್ಕನ ಮಗ ಡಾಕ್ಟರಂತೆ, ಅಭಯ್. ಅವನೇ ತೋರಿಸಿದ್ದಂತೆ. ನಿಂಗೆ ಗೊತ್ತಿರೋನೇ ಅಲ್ವಾ?”

‘ಗೊತ್ತಿರೋನೇ!’ ಗೊತ್ತಿದೆ ಎಂದುಕೊಂಡಿದ್ದಳು ಪೆದ್ದಿ. ಆ ಶನಿವಾರಗಳು, ಆ ಕಾಫಿ, ಆ ನೋಟ... ಎಲ್ಲಾ ಚಿಕ್ಕಮ್ಮನ ಮಗನಿಗೆ ಹೆಣ್ಣು ನೋಡುವುದಕ್ಕಾ? ಅವಳಿಗೆ ಅಳು ಬಂತು. ಅಳುವಿಗಿಂತ ಮೊದಲು ರೋಷ ಬಂತು.

“ಭಾನುವಾರ ಟಿವಿಡೇಲ್ ಬಾಲಾಜಿ ದೇವಸ್ಥಾನಕ್ಕೆ ಬರ್ತಾರಂತೆ. ಸುಮ್ನೆ ದರ್ಶನಕ್ಕೆ ಹೋದ ಹಾಗೆ ಹೋಗಿ ಮಾತಾಡ್ಕೊಂಡು ಬಾ. ಇಷ್ಟ ಆದ್ರೆ ಅಲ್ಲೇ ಹೂಂ ಅಂದ್ಬಿಡು.”

“ಆಯ್ತು. ಹೂಂ ಅಂತೀನಿ!”

ಭಾನುವಾರ ದೇವರ ಮುಂದೆ ಕೈಮುಗಿದು ನಿಂತರೂ ಅವಳಿಗೆ ಏನು ಕೇಳಿಕೊಳ್ಳಬೇಕೆಂದೇ ತೋಚಲಿಲ್ಲ. ಊಟದ ಹಾಲ್‌ನಲ್ಲಿ ಭಾಗೀರಥಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಒಳ್ಳೆಯ ಹೆಂಗಸು. ಎದುರಿಗೆ ವಿನಾಯಕ ಪ್ರಸಾದದ ತಟ್ಟೆಯನ್ನೇ ನೋಡುತ್ತಿದ್ದ.

“ನಮ್ಮ ಅಭಯ್ ತೋರಿಸಿದ ಹುಡುಗಿ ಅಂದ್ಮೇಲೆ ಮಾತೇ ಇಲ್ಲಮ್ಮ. ಈ ದೇಶಕ್ಕೆ ಬಂದಾಗ, ಪರೀಕ್ಷೆ ಪಾಸಾಗಿ ಕೆಲಸ ಸಿಗೋವರೆಗೂ ನಮ್ಮನೇಲೇ ಇದ್ದ. ನನ್ನ ದೊಡ್ಡ ಮಗ ಅನ್ಕೋ.”

“ಅವರು ಬಂದಿಲ್ವಾ ಆಂಟಿ?”

“ಬಂದಿದಾನೆ, ಅವನದೇ ಕಾರು. ತಲೆನೋವು ಅಂತ ಕಾರಲ್ಲೇ ಕೂತ. ಇರ್ಲಿ ಬಿಡು. ನಿನ್ನ ಅಭಿಪ್ರಾಯ ಹೇಳಮ್ಮ, ಏನಂತೀಯಾ?”

ಹೂಂ ಎನ್ನುವುದಕ್ಕೆ ಬಾಯಿ ತೆರೆದಳು. ಆ ಒಂದಕ್ಷರ ಬಾಯಿಂದ ಹೊರಡಲೇ ಇಲ್ಲ! ರೋಷಕ್ಕೆ ಬಿದ್ದು ಜೀವಮಾನವಿಡೀ ಇವರ ಮನೆಯಲ್ಲಿ ಅವನ ಅತ್ತಿಗೆಯೋ ನಾದಿನಿಯೋ ಏನೋ ಆಗಿ ಕಾಫಿ ಕೊಡುತ್ತಾ ಇರುವುದೇ?

“ಒಂದ್ನಿಮಿಷ ಆಂಟಿ, ಬಂದೆ.”

ಕಾರ್ ಪಾರ್ಕಿನಲ್ಲಿ ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಿದ್ದ. ಅವಳು ಗಾಜಿಗೆ ಬಡಿದ ರಭಸಕ್ಕೆ ಎಗರಿಬಿದ್ದ.

“ಇಳಿ ಕೆಳಗೆ! ನನ್ನ ಫೋಟೋನ ಯಾಕೆ ಕೊಟ್ಟೆ?”

“ನಿರುಪಮಾ... ಕೊಟ್ಟಿದ್ದಲ್ಲ. ತೋರಿಸಿದೆ. ‘ಹೇಗಿದಾಳೆ ಚಿಕ್ಕಮ್ಮ ಹುಡುಗಿ’ ಅಂದೆ. ನನಗೆ ಮದುವೇನೇ ಬೇಡ ಅಂತ ಎಷ್ಟು ವರ್ಷದಿಂದ ಹೇಳ್ಕೊಂಡು ಬಂದಿದ್ನೋ! ವಿನಾಯಕನಿಗೊಂದು ಹುಡುಗಿ ನೋಡೋ ಅಂತ ಅವರೇ ನನಗೆ ಹೇಳಿದ್ರು. ಅವನಿಗೇ ತೋರಿಸ್ತಿದೀನಿ ಅಂದ್ಕೊಂಡು ಅಷ್ಟು ಸಂತೋಷಪಟ್ರು... ಫೋಟೋನ ತಮ್ಮ ಫೋನಿಗೆ ಹಾಕಿಸ್ಕೊಂಡು ಅವತ್ತಿಂದ್ಲೇ ನಿಮ್ಮನೆ ನಂಬರ್ ಹುಡುಕೋಕೆ ಶುರು ಮಾಡಿಬಿಟ್ರು.”

“ನೀನು?”

“ನಾನು... ಸುಮ್ಮನಾದೆ. ಅವರ ಮನೆ ಅನ್ನ ತಿಂದೋನು. ಅವರ ಮಗನಿಗೆ ಅಂತ ಆಸೆಪಟ್ಟಿದ್ದನ್ನ ನಂಗೆ ಬೇಕು ಅಂತ ಹೇಗೆ ಕೇಳ್ಲಿ?”

ನಿರುಪಮಾಳ ಕಣ್ಣಲ್ಲಿ ನೀರು ತುಂಬಿತು. ಸಂತೋಷಕ್ಕೋ ಸಿಟ್ಟಿಗೋ, ಅವಳಿಗೇ ಗೊತ್ತಿಲ್ಲ.

“ನಾನೇನು ಟಿಫಿನ್ ಬಾಕ್ಸಾ ಅಭಯ್, ಋಣ ತೀರಿಸೋಕೆ ಅವರ ಕೈಗೆ ಎತ್ತಿಕೊಡೋಕೆ? ನಿನ್ನ ಋಣ ನಿಂದು. ಅದಕ್ಕೆ ನಾನ್ಯಾಕೆ ತಲೆ ಕೊಡ್ಲಿ? ನಾನು ಒಳಗೆ ಹೋಗಿ ಇವತ್ತು ಏನೋ ಒಂದು ಹೇಳ್ಲೇಬೇಕು. ನಾನು ಬೇಕಾ, ಬೇಡ್ವಾ? ಬೇಕು ಅಂದ್ರೆ ಬಂದು ಅಲ್ಲಿ ಹೇಳು. ಇಲ್ಲಿ ಅಲ್ಲ!”

ತಿರುಗಿ ನೋಡದೆ ನಡೆದಳು. ಹಿಂದೆ ಹೆಜ್ಜೆ ಕೇಳಿಸಲಿಲ್ಲ. ಬಾಗಿಲವರೆಗೂ ಕೇಳಿಸಲಿಲ್ಲ.

ಭಾಗೀರಥಿಯವರ ಮುಂದೆ ಹೋಗಿ ನಿಂತಾಗ ಪಕ್ಕದಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು.

“ಚಿಕ್ಕಮ್ಮ...” ಅಭಯ್ ಮುಂದೆ ಬಂದ. “ತಪ್ಪು ನಂದು. ಅವತ್ತು ಈ ಹುಡುಗೀನ ತೋರಿಸಿದ್ದು ವಿನಾಯಕನಿಗಲ್ಲ. ನನಗೆ. ಇವಳಿಲ್ದೇ ನನ್ನಿಂದ ಆಗಲ್ಲ ಚಿಕ್ಕಮ್ಮ.”

ಭಾಗೀರಥಿಯವರ ಮುಖದಲ್ಲಿ ಬಣ್ಣವಿರಲಿಲ್ಲ.

“ಇಷ್ಟು ದಿನದಿಂದ ನಮ್ಮನೆಗೆ ಬಂದಾಗೆಲ್ಲ ಅನ್ನ ಕಲಸ್ಕೊಂಡು ತಿನ್ನದೇ ಏಳ್ತಿದ್ಯಲ್ಲೋ... ಇದಕ್ಕಾ?” ಅವರ ಕಣ್ಣು ತುಂಬಿತು. “ನನ್ನ ಹತ್ರ ಬಾಯಿ ಬಿಟ್ಟು ಹೇಳೋಕೆ ಆಗ್ಲಿಲ್ವಾ ನಿಂಗೆ? ಅಷ್ಟು ಹೊರಗಿನವಳಾದ್ನಾ ನಾನು? ಆ ಹುಡುಗಿ ತಾಯಿಗೆ ನಾನೀಗ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲೋ!”

“ಇದೇ ಮುಖ ಅಮ್ಮ, ಹುಡುಗ ಮಾತ್ರ ಬೇರೆ,” ಎಂದ ವಿನಾಯಕ, ಮೊದಲ ಸಲ ತಟ್ಟೆಯಿಂದ ತಲೆಯೆತ್ತಿ. “ನಾನಂತೂ ಬಚಾವ್!”

ಭಾಗೀರಥಿ ಮಗನ ತಲೆಗೊಂದು ಮೊಟಕಿದರು. ಆಮೇಲೆ ಅಭಯ್‌ಗೆ ಇನ್ನೂ ಜೋರಾಗಿ ಒಂದು. ಮೊಟಕಿದ ಕೈಯಲ್ಲೇ ಅವನ ತಲೆ ಸವರಿ, ಫೋನು ಹುಡುಕಿಕೊಂಡು ಹೊರಗೆ ಹೋದರು.

ನಿರುಪಮಾ ಬಿಸಿಲಿಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವನು ಸ್ವಲ್ಪ ದೂರ ಬಿಟ್ಟು ಕೂತ.

“ಇನ್ನೂ ಕೋಪಾನಾ?”

“ಚಿಕ್ಕಮ್ಮನಿಗೆ ಹೇಳಿದೆ. ನನ್ನನ್ನ ಏನಾದ್ರೂ ಕೇಳಿದ್ಯಾ?”

ಅವನು ಹತ್ತಿರ ಸರಿದ. “ನಿರುಪಮಾ... ನನ್ನ ಮದುವೆ ಆಗ್ತೀಯಾ?”

ಅವಳು ಮಾತಾಡಲಿಲ್ಲ.

“ನಿರೂ?”

“ನೀನು ಸುಮ್ಮನಿದ್ದಷ್ಟು ದಿನ ನಾನೂ ಸುಮ್ಮನಿರ್ತೀನಿ. ಹೇಗಿರುತ್ತೆ ಅಂತ ಗೊತ್ತಾಗ್ಲಿ.”

“ಬೇಡ ತಾಯಿ! ಈಗ್ಲೇ ಗೊತ್ತಾಯ್ತು!”

ಅವನ ಕಣ್ಣಲ್ಲಿ ನಿಜವಾದ ಗಾಬರಿ ಕಂಡಿತು. ಅದನ್ನು ನೋಡಿಕೊಂಡು ಸುಮ್ಮನಿರುವುದು ಅವಳಿಂದಾಗಲಿಲ್ಲ.

“ಆಗ್ತೀನಿ ಕಣೋ,” ಎಂದು ಅವನ ಹೆಗಲಿಗೊರಗಿದಳು.